ಈ ಮಗುವನ್ನು ಯಾಕೆ ಕರೆದುಕೊಂಡು ಬಂದಿರಿ?

ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಅದು ನನ್ನ ಪ್ರಶ್ನೆಯಲ್ಲ. ಒಂದು ಶನಿವಾರ ಬೆಳಿಗ್ಗೆಯಿಂದ ಲುಹರ್ ನಮಾಝಿನ ವೇಳೆಯೊಳಗೆ ಐದು ಮಂದಿ ಬೇರೆ ಬೇರೆ ಮಾತುಗಳಲ್ಲಿ ಕೇಳಿದ ಪ್ರಶ್ನೆ. ನನ್ನ ತಂಗಿಯ ಮಗಳು ತನ್ನ ಏಳು ವರ್ಷದ ಮಗನೊಂದಿಗೆ ಮನೆಯ ಸಾಮಾನು ತರಲು ಹೊರಟಿದ್ದಳು. ಹಿಂದಿನ ದಿನ ಅವರ ಮನೆಗೆ ಹೋಗಿದ್ದ ನಾನೂ ಜೊತೆಗೂಡಿದೆ. ಅವರ ಮನೆ ಧರ್ಮಸ್ಥಳದ ಸಮೀಪದ ಒಂದು ಹಳ್ಳಿಯಲ್ಲಿ, ಅಡಿಕೆ ತೋಟದ ಮೇಲಿನ ಗುಡ್ಡದಲ್ಲಿದೆ. ಅಂದಿನ ಕೆಲಸಗಳು ಮೂರೇ: ಸೊಸೈಟಿಯಲ್ಲಿ ರೇಷನ್ ತೆಗೆದುಕೊಳ್ಳುವುದು, ಧರ್ಮಸ್ಥಳ ಪೇಟೆಯಲ್ಲಿ ಹುಡುಗನಿಗೆ ಬೂಟು ಕೊಳ್ಳುವುದು, ಬರುವಾಗ ತರಕಾರಿ ತರುವುದು.

ಹುಡುಗನಿಗೆ ಸೆರೆಬ್ರಲ್ ಪಾಲ್ಸಿ ಇದೆ. ಹುಟ್ಟುವ ಮೊದಲೋ, ಹುಟ್ಟುವಾಗಲೋ, ಹುಟ್ಟಿದ ಹೊಸತರಲ್ಲೋ ಬೆಳೆಯುತ್ತಿರುವ ಮಿದುಳಿಗೆ ತಗಲಿದ ಪೆಟ್ಟಿನಿಂದ ಉಂಟಾಗುವ ಸ್ಥಿತಿ ಇದು. ಇವನ ಬುದ್ಧಿಗೆ ಏನೂ ಆಗಿಲ್ಲ. ಕಾಲುಗಳು ಮಾತ್ರ ಬಿಗಿಯಾಗಿವೆ. ಮೊಣಕಾಲಿನ ಕೆಳಗೆ ಪ್ಲಾಸ್ಟಿಕ್ಕಿನ ಆಧಾರಪಟ್ಟಿ, ಕೈಗೆ ನಾಲ್ಕು ಕಾಲಿನ ವಾಕರ್. ಅದು ಮುಂದೆ ನೂಕುವ ವಾಕರ್ ಅಲ್ಲ, ಬೆನ್ನ ಹಿಂದೆ ನಿಂತು ಅವನೊಂದಿಗೆ ಬರುವಂಥದ್ದು. ಮುಂದೆ ನೂಕುವುದಾದರೆ ಮಗು ಬಾಗಿ ನಡೆಯುತ್ತದೆ, ಹಿಂದಿರುವುದಾದರೆ ಎದೆ ನೆಟ್ಟಗಾಗುತ್ತದೆ ಎಂದು ತಾಯಿ ನನಗೆ ವಿವರಿಸಿದಳು. ಈ ಏಳು ವರ್ಷಗಳಲ್ಲಿ ಅವಳು ಕಲಿತಷ್ಟನ್ನು ನಾನು ಎಪ್ಪತ್ತರ ಹತ್ತಿರ ಬಂದರೂ ಕಲಿತಿಲ್ಲ.

ಮನೆಯಿಂದ ಡಾಮರು ರಸ್ತೆಗೆ ನನ್ನ ಲೆಕ್ಕದಲ್ಲಿ ಐದು ನಿಮಿಷದ ದಾರಿ. ಅಂದು ಅರ್ಧ ಗಂಟೆ ಹಿಡಿಯಿತು. ಮುರಕಲ್ಲಿನ ಮೆಟ್ಟಿಲುಗಳಲ್ಲಿ ಅವನು ತಾಯಿಯ ಭುಜ ಹಿಡಿದು ಇಳಿದ. ವಾಕರನ್ನು ನಾನು ಹೊತ್ತೆ. ಮಳೆಗಾಲದಲ್ಲಿ ಆ ಕಲ್ಲಿನ ಮೇಲೆ ಪಾಚಿ ಕಟ್ಟಿದರೆ ಈ ದಾರಿಯೇ ಇಲ್ಲವಾಗುತ್ತದೆಯಂತೆ. ನಾಲ್ಕು ತಿಂಗಳು ಆ ಮಗುವಿನ ಲೋಕವೆಂದರೆ ಮನೆಯ ಜಗಲಿ, ಮತ್ತು ತಂದೆ ಹೊತ್ತುಕೊಂಡು ಹೋಗಿ ಬಿಡುವ ಶಾಲೆ.

ಸೊಸೈಟಿಯ ಮುಂದೆ ಸಾಲಿತ್ತು. ಜಗಲಿಗೆ ಮೂರು ಮೆಟ್ಟಿಲು. ಅಲ್ಲಿ ಮೊದಲ ಪ್ರಶ್ನೆ ಬಂತು. "ಅಯ್ಯೋ, ಈ ಮಗುವನ್ನು ಯಾಕೆ ಕರಕೊಂಡು ಬಂದದ್ದು? ಹೆಬ್ಬೆಟ್ಟು ನಿಮ್ಮದಲ್ವಾ?" ಕೇಳಿದವರು ವಯಸ್ಸಾದ ಹೆಂಗಸು. ಕೇಳುತ್ತಲೇ ತಮ್ಮ ಜಾಗ ಬಿಟ್ಟುಕೊಟ್ಟರು. ಬಸ್ಸಿನಲ್ಲಿ ಕಂಡಕ್ಟರ್ ಕೇಳಿದರು. ಅವರೂ ಕೆಟ್ಟವರಲ್ಲ. ವಾಕರನ್ನು ಮಡಚಿ ಡ್ರೈವರ್ ಸೀಟಿನ ಹಿಂದೆ ತಾವೇ ಇಟ್ಟರು. ಅಂಗವಿಕಲರಿಗೆಂದು ಬರೆದಿದ್ದ ಸೀಟಿನಲ್ಲಿ ಕುಳಿತಿದ್ದ ಯುವಕನನ್ನು ಎಬ್ಬಿಸಿದರು. ಆದರೆ ಹುಡುಗ ಕುಳಿತುಕೊಳ್ಳುವ ಮೊದಲೇ "ರೈಟ್ ಪೋಯಿ" ಎಂದುಬಿಟ್ಟರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಂದಿನಿಂದ ತಾಯಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟಿನ ಹಣವಿಲ್ಲ, ಹುಡುಗನಿಗೆ ಅರ್ಧ ಟಿಕೇಟು. ಸರಕಾರ ಹಣದ ಅಡ್ಡಿಯನ್ನು ತೆಗೆಯಿತು. ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ಎಂದಿನ ಎತ್ತರದಲ್ಲೇ ಇದೆ.

ಮೂರನೆಯ ಬಾರಿ ಕೇಳಿದಾಗ ನನ್ನ ಸೊಸೆ ಉತ್ತರ ಕೊಟ್ಟಳು. ಸಿಟ್ಟಿನಿಂದಲ್ಲ, ಸಾಧಾರಣ ಸ್ವರದಲ್ಲಿ. "ಕಳೆದ ವಾರ ಇವನ ಅಣ್ಣನನ್ನು ಕರಕೊಂಡು ಬಂದಿದ್ದೆ. ಆಗ ಯಾರೂ ಕೇಳಲಿಲ್ಲ."

ಸಹೋದರರೇ, ಸಹೋದರಿಯರೇ, ಈ ಉತ್ತರದ ಮುಂದೆ ಸ್ವಲ್ಪ ನಿಲ್ಲೋಣ. ಮಕ್ಕಳನ್ನು ನಾವು ಪೇಟೆಗೆ ಕರೆದೊಯ್ಯುವುದು ಯಾಕೆ? ಚೀಲ ಹೊರಲು ಅವರು ಬೇಕಾಗಿಲ್ಲ. ನಿಜ ಹೇಳುವುದಾದರೆ ಅವರಿಂದ ಕೆಲಸ ತಡವಾಗುತ್ತದೆ. ಆದರೂ ಕರೆದೊಯ್ಯುತ್ತೇವೆ. ತಕ್ಕಡಿಯಲ್ಲಿ ತೂಗುವುದನ್ನು ಮಗು ನೋಡುತ್ತದೆ, ಬೆಂಡೆಕಾಯಿ ಎಳೆಯದೋ ಬಲಿತದ್ದೋ ಎಂದು ತುದಿ ಮುರಿದು ತಿಳಿಯುತ್ತದೆ, ಚಿಲ್ಲರೆ ಎಣಿಸುತ್ತದೆ, ತನ್ನ ತಾಯಿ ಅಂಗಡಿಯವನೊಂದಿಗೆ ಹೇಗೆ ಮಾತನಾಡುತ್ತಾಳೆಂದು ಕಿವಿಗೊಟ್ಟು ಕೇಳುತ್ತದೆ. ಇಂಥವರ ಮಗ ಎಂದು ಊರಿನವರು ಅದನ್ನು ಗುರುತಿಸುತ್ತಾರೆ. ಬದುಕಲು ಬೇಕಾದ ವಿದ್ಯೆಯ ಅರ್ಧದಷ್ಟನ್ನು ಮಕ್ಕಳು ಹೀಗೆ ತಾಯಿಯ ಸೆರಗು ಹಿಡಿದು ಓಡಾಡುತ್ತಲೇ ಕಲಿಯುತ್ತಾರೆ. ಹಾಗಿರುವಾಗ ಕಾಲು ಬಿಗಿಯಾಗಿರುವ ಮಗುವಿಗೆ ಈ ವಿದ್ಯೆ ಬೇಡವೇ? ಅದಕ್ಕೆ ಇದು ಹೆಚ್ಚು ಬೇಕಲ್ಲವೇ? ಇಪ್ಪತ್ತು ವರ್ಷಗಳ ನಂತರ ಅವನು ತನ್ನ ಸಾಮಾನು ತಾನೇ ಕೊಳ್ಳಬೇಕಾದಾಗ, ಅಂದು ಮನೆಯಲ್ಲಿ ಸುಖವಾಗಿ ಕುಳ್ಳಿರಿಸಿದ ನಮ್ಮ ಕರುಣೆ ಅವನ ಯಾವ ಉಪಯೋಗಕ್ಕೆ ಬರುತ್ತದೆ?

ಇಲ್ಲಿ ನನಗೆ ಅಮ್ರ್ ಬಿನ್ ಜಮೂಹ್(ರ)ರ ನೆನಪಾಗುತ್ತದೆ. ಮದೀನಾದ ಬನೂ ಸಲಮಾ ಗೋತ್ರದ ಹಿರಿಯರಾದ ಅವರ ಕಾಲು ಬಹಳವಾಗಿ ಕುಂಟಾಗಿತ್ತು. ಅವರಿಗೆ ಸಿಂಹಗಳಂಥ ನಾಲ್ವರು ಪುತ್ರರಿದ್ದರು. ಹಿಜರಿ 3ನೆಯ ವರ್ಷ ಉಹುದ್ ಯುದ್ಧಕ್ಕೆ ಪ್ರವಾದಿವರ್ಯರ(ಸ) ಸೈನ್ಯ ಹೊರಟಾಗ ಅಮ್ರ್(ರ)ರೂ ಸಿದ್ಧರಾದರು. ಮಕ್ಕಳು ತಡೆದರು. ಅಲ್ಲಾಹನೇ ನಿಮಗೆ ವಿನಾಯಿತಿ ನೀಡಿದ್ದಾನೆ, ನೀವು ಮನೆಯಲ್ಲಿರಿ ಎಂದರು. ಅದು ಪ್ರೀತಿಯ ಮಾತೇ ಆಗಿತ್ತು. ಅಮ್ರ್(ರ) ನೇರವಾಗಿ ಪ್ರವಾದಿವರ್ಯರ(ಸ) ಬಳಿಗೆ ಹೋಗಿ ಮಕ್ಕಳ ಮೇಲೆ ದೂರು ಹೇಳಿದರು, ಈ ಕುಂಟು ಕಾಲಿನಿಂದಲೇ ಸ್ವರ್ಗದಲ್ಲಿ ನಡೆಯುವ ತಮ್ಮ ಆಸೆಯನ್ನು ತೋಡಿಕೊಂಡರು. ಪ್ರವಾದಿವರ್ಯರು(ಸ) ಅವರಿಗೆ ಹೇಳಿದ್ದು ಒಂದು, ಮಕ್ಕಳಿಗೆ ಹೇಳಿದ್ದು ಇನ್ನೊಂದು. ಹೋರಾಟ ನಿಮ್ಮ ಮೇಲೆ ಕಡ್ಡಾಯವಲ್ಲ ಎಂದು ತಂದೆಗೆ ತಿಳಿಸಿದರು. ಅವರನ್ನು ತಡೆಯದಿದ್ದರೆ ನಿಮಗೇನು ನಷ್ಟ ಎಂಬ ಅರ್ಥದಲ್ಲಿ ಮಕ್ಕಳನ್ನು ಕೇಳಿದರು. ಅಮ್ರ್(ರ) ಹೋದರು, ಅಲ್ಲೇ ಹುತಾತ್ಮರಾದರು.

ಯುದ್ಧದ ಘಟನೆಯನ್ನು ರೇಷನ್ ಅಂಗಡಿಗೆ ಹೋಲಿಸುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಒಂದು ಮಾತನ್ನು ಗಮನಿಸಿ. ವಿನಾಯಿತಿ ಎಂಬುದು ಅಶಕ್ತನ ಕೈಗೆ ಕೊಟ್ಟ ಹಕ್ಕು. ಬೇಕಿದ್ದರೆ ಅವನು ಅದನ್ನು ಬಳಸಿಕೊಳ್ಳಬಹುದು. ಅದು ಇತರರ ಕೈಗೆ ಕೊಟ್ಟ ಬೀಗವಲ್ಲ. ಅಂಧನ ಮೇಲೆ, ಕುಂಟನ ಮೇಲೆ, ರೋಗಿಯ ಮೇಲೆ ದೋಷವಿಲ್ಲ ಎಂದು ಪವಿತ್ರ ಕುರ್‌ಆನ್ ಹೇಳುವ ಸೂರಃ ಅನ್ನೂರಿನ 61ನೆಯ ವಚನ ಯಾವ ವಿಷಯವನ್ನು ಕುರಿತದ್ದೆಂದು ಬಲ್ಲಿರಾ? ಜನರ ಮನೆಗಳಲ್ಲಿ ಜೊತೆಯಾಗಿ ಕುಳಿತು ಊಟ ಮಾಡುವ ವಿಷಯ. ತಮ್ಮಿಂದ ಇತರರಿಗೆ ತೊಂದರೆಯಾದೀತು, ಅಸಹ್ಯವಾದೀತು ಎಂದು ಅಂಥವರು ಹಿಂಜರಿಯುತ್ತಿದ್ದರೆಂದೂ, ಇತರರು ಅವರೊಂದಿಗೆ ಉಣ್ಣಲು ಸಂಕೋಚಪಡುತ್ತಿದ್ದರೆಂದೂ ವ್ಯಾಖ್ಯಾನಕಾರರು ಬರೆದಿದ್ದಾರೆ. ಅಂದರೆ 'ದೋಷವಿಲ್ಲ' ಎಂಬ ಮಾತು ಅವರನ್ನು ಮನೆಯೊಳಗೆ ಕೂರಿಸಲು ಬಂದದ್ದಲ್ಲ, ಎಲ್ಲರ ಊಟದ ಸುಪ್ರದ ಬಳಿಗೆ ಕರೆತರಲು ಬಂದದ್ದು.

ನಾಲ್ಕನೆಯ ಪ್ರಶ್ನೆ ಬೂಟಿನ ಅಂಗಡಿಯಲ್ಲಿ ಬಂತು. ಆಧಾರಪಟ್ಟಿ ಧರಿಸುವ ಮಗುವಿಗೆ ಬೂಟು ಕೊಳ್ಳುವುದು ಸುಲಭವಲ್ಲ. ಪಟ್ಟಿ ಹಿಡಿಯಬೇಕಾದರೆ ಒಂದೆರಡು ಅಳತೆ ದೊಡ್ಡದು ಬೇಕು, ಬಾಯಿ ಅಗಲವಿರಬೇಕು. ಕಾಲಿಗೆ ಹಾಕಿ ನೋಡದೆ ತರುವಂತಿಲ್ಲ. ಅಂಗಡಿಯವರು ತಾಳ್ಮೆಯಿಂದ ಎಂಟು ಜೊತೆ ತೋರಿಸಿದರು. ಅಷ್ಟರಲ್ಲಿ ಅಲ್ಲಿದ್ದ ಗಿರಾಕಿಯೊಬ್ಬರು ಹುಡುಗನನ್ನು ದಿಟ್ಟಿಸಿ, ತಾಯಿಯತ್ತ ತಿರುಗಿ, "ಯಾರು ಮಾಡಿದ ಪಾಪವೋ ಏನೋ" ಎಂದು ನಿಟ್ಟುಸಿರು ಬಿಟ್ಟರು.

ಈ ಮಾತು ಅನ್ಯರದ್ದು ಮಾತ್ರ ಎಂದು ನಾವು ಹೆಮ್ಮೆಪಡಬೇಕಾಗಿಲ್ಲ. ಒಬ್ಬರ ಭಾರವನ್ನು ಇನ್ನೊಬ್ಬರು ಹೊರುವುದಿಲ್ಲ ಎಂಬ ಸೂರಃ ಅಲ್ ಅನ್ಆಮ್‌ನ ಪಾಠವನ್ನು ಮದ್ರಸಾದಲ್ಲಿ ಕಲಿತ ನಮ್ಮ ಮನೆಗಳಲ್ಲೂ ಇದೇ ಮಾತು ಬೇರೆ ಉಡುಪು ತೊಟ್ಟು ಓಡಾಡುತ್ತದೆ. ಗರ್ಭಿಣಿಯಾಗಿದ್ದಾಗ ಗ್ರಹಣದಂದು ಹೊರಗೆ ಹೋಗಿದ್ದಳೇನೋ ಎಂದು ಪಿಸುಗುಟ್ಟುವವರು ನಮ್ಮಲ್ಲಿಲ್ಲವೇ? ಧರ್ಮಸ್ಥಳಕ್ಕೆ ಹತ್ತಿರದಲ್ಲೇ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳಿವೆ. ಅಲ್ಲಿಯ ಗೇರು ತೋಪುಗಳ ಮೇಲೆ 1980ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಪಿನ ಪಕ್ಕದ ಬಾವಿಗಳಿಗೂ ಅಂಗಳಗಳಿಗೂ ಅದು ಬಿತ್ತು. ಕಾಸರಗೋಡಿನ ಹಳ್ಳಿಗಳಂತೆ ಇಲ್ಲೂ ನಡೆಯಲಾಗದ, ಮಾತನಾಡಲಾಗದ ಮಕ್ಕಳು ಮನೆ ಮನೆಗಳಲ್ಲಿ ಕಾಣಿಸಿಕೊಂಡರು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಆ ವಿಷವನ್ನು ತಡೆಹಿಡಿಯುವ ತನಕ, ಮತ್ತು ಆ ಬಳಿಕವೂ, ಎಷ್ಟು ತಾಯಂದಿರು ತಮ್ಮ ಯಾವ ಪಾಪಕ್ಕೆ ಈ ಶಿಕ್ಷೆ ಎಂದು ರಾತ್ರಿಯಿಡೀ ತಮ್ಮನ್ನೇ ವಿಚಾರಿಸಿಕೊಂಡಿರಬಹುದು! ಪಾಪವಿದ್ದರೆ ಅದು ಆ ತಾಯಂದಿರ ಮಡಿಲಲ್ಲಿ ಇರಲಿಲ್ಲ.

ಇನ್ನು ಕೆಲವರು ಸಮಾಧಾನ ಹೇಳುತ್ತಾರೆ: ಇದು ಅಲ್ಲಾಹನ ಪರೀಕ್ಷೆ, ತಾಳ್ಮೆ ವಹಿಸಿ. ನಿಜ, ಪರೀಕ್ಷೆಯೇ. ಆದರೆ ಯಾರ ಪರೀಕ್ಷೆ? ನಾವು ನಿಮ್ಮಲ್ಲಿ ಕೆಲವರನ್ನು ಇತರ ಕೆಲವರ ಪಾಲಿಗೆ ಪರೀಕ್ಷೆಯನ್ನಾಗಿ ಮಾಡಿದ್ದೇವೆ ಎಂಬ ಅರ್ಥ ಬರುವ ವಚನ ಸೂರಃ ಅಲ್ ಫುರ್ಕಾನಿನಲ್ಲಿದೆ. ಅದನ್ನು ಓದಿದಾಗಲೆಲ್ಲ ನನಗನಿಸುವುದಿಷ್ಟು. ಆ ತಾಯಿ ಈ ಪರೀಕ್ಷೆಯ ಉತ್ತರಪತ್ರಿಕೆಯನ್ನು ಏಳು ವರ್ಷಗಳಿಂದ ದಿನವೂ ಬರೆಯುತ್ತಿದ್ದಾಳೆ. ನಾವು ಮಾತ್ರ ಕೊಠಡಿಯ ಹೊರಗೆ ನಿಂತು ಅವಳಿಗೆ ಉಪದೇಶ ಮಾಡುತ್ತಿದ್ದೇವೆ, ನಮ್ಮ ಹೆಸರೂ ಹಾಜರಿ ಪುಸ್ತಕದಲ್ಲಿದೆ ಎಂಬುದನ್ನು ಮರೆತು.

ಈಗ ಅಂದು ನನ್ನನ್ನು ಹೆಚ್ಚು ಕಾಡಿದ ಘಟನೆಗೆ ಬರುತ್ತೇನೆ. ಧರ್ಮಸ್ಥಳ ದಾನಕ್ಕೆ ಹೆಸರಾದ ಊರೆಂದು ನಿಮಗೆಲ್ಲ ಗೊತ್ತಿದೆ. ಅನ್ನ, ಔಷಧ, ವಿದ್ಯೆ, ಅಭಯ ಎಂಬ ನಾಲ್ಕು ದಾನಗಳ ಮಾತು ಅಲ್ಲಿ ಬಹಳ ಹಳೆಯದು. ದೂರದೂರದಿಂದ ಬರುವ ಯಾತ್ರಿಕರು ನೇತ್ರಾವತಿಯಲ್ಲಿ ಮಿಂದು, ದೇವರ ದರ್ಶನ ಮಾಡಿ, ಕೈ ಬಿಚ್ಚಿ ಕೊಡುವ ಮನಸ್ಸಿನಿಂದಲೇ ಬೀದಿಗಿಳಿಯುತ್ತಾರೆ. ತಾಯಿ ತರಕಾರಿ ಆರಿಸುತ್ತಿದ್ದಳು. ಹುಡುಗ ಪಕ್ಕದ ಕಟ್ಟೆಯಲ್ಲಿ ವಾಕರನ್ನು ಎದುರಿಗಿಟ್ಟು ಕುಳಿತಿದ್ದ. ನಾನು ಎರಡು ಹೆಜ್ಜೆ ಆಚೆ ರೇಷನ್ ಚೀಲ ಕಾಯುತ್ತಿದ್ದೆ. ನಡುವಯಸ್ಸಿನ ಯಾತ್ರಿಕರೊಬ್ಬರು ಬಂದವರೇ ಹುಡುಗನ ಮಡಿಲಲ್ಲಿ ಹತ್ತು ರೂಪಾಯಿಯ ನೋಟು ಇಟ್ಟು, ಅವನ ತಲೆ ಮುಟ್ಟಿ, ಕೈ ಮುಗಿದು ಮುಂದೆ ಹೋದರು.

ಹುಡುಗ ನೋಟನ್ನು ನೋಡಿದ. ಆಮೇಲೆ ತಾಯಿಯನ್ನು ಕೂಗಿ ಕೇಳಿದ: "ಉಮ್ಮಾ, ಅವರು ನನಗೆ ದುಡ್ಡು ಕೊಟ್ರು. ನಾನು ಅವರಿಗೆ ಏನು ಕೊಡ್ಬೇಕು?"

ಅದೇ ಬೆಳಿಗ್ಗೆಯಿಂದ ಅವನು ನೋಡಿದ್ದು ಹಣ ಕೊಟ್ಟು ವಸ್ತು ತೆಗೆದುಕೊಳ್ಳುವುದನ್ನು. ಅವನ ಲೆಕ್ಕ ಸರಿಯಾಗಿಯೇ ಇತ್ತು. ತಾಯಿಯ ಮುಖ ಒಂದು ಕ್ಷಣ ಬಿಳಿಚಿತು. ಅವಳು ನೋಟನ್ನು ಎತ್ತಿಕೊಂಡು ಬೇಗನೆ ನಡೆದು ಆ ಯಾತ್ರಿಕರನ್ನು ಹಿಡಿದಳು. "ಅಣ್ಣಾ, ಇದು ನಮಗೆ ಬೇಡ. ನಾವು ಸಾಮಾನಿಗೆ ಬಂದವರು." ಅವರು ಪೆಚ್ಚಾದರು. "ತಪ್ಪು ತಿಳೀಬೇಡಿ ತಾಯಿ, ಮಗೂನ ನೋಡಿ ಮನಸ್ಸು ತಡೀಲಿಲ್ಲ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅದು ಸುಳ್ಳಿನ ನೀರಲ್ಲ.

ಓದುಗರೇ, ಈ ಇಬ್ಬರಲ್ಲಿ ತಪ್ಪು ಯಾರದು? ನಾನು ಅಂದಿನಿಂದ ಯೋಚಿಸುತ್ತಿದ್ದೇನೆ. ಕೊಡುವ ಮನಸ್ಸನ್ನು ಹಳಿಯಲು ನನಗೆ ಬಾಯಿ ಬರುವುದಿಲ್ಲ. ಅದಿಲ್ಲದ ಊರಿನಲ್ಲಿ ಬದುಕುವುದು ಹೇಗೆ? ಆದರೆ ಅವರು ಕೊಟ್ಟದ್ದು ಯಾರಿಗೆ? ಹುಡುಗನ ಹೆಸರು ಕೇಳಲಿಲ್ಲ, ಯಾಕೆ ಕುಳಿತಿದ್ದಾನೆಂದು ಕೇಳಲಿಲ್ಲ, ಅವನ ಮುಖವನ್ನೇ ನೋಡಲಿಲ್ಲ. ನೋಡಿದ್ದು ವಾಕರನ್ನು. ವಾಕರ್ ಇದ್ದರೆ ಬಡವ, ಬಡವನಾದರೆ ಭಿಕ್ಷುಕ ಎಂದು ಕೈ ತಾನಾಗಿ ಜೇಬಿಗೆ ಹೋಯಿತು. ನೋವುಂಟುಮಾಡುವ ದಾನಕ್ಕಿಂತ ಒಂದು ಒಳ್ಳೆಯ ಮಾತು ಮೇಲು ಎಂಬ ಸೂರಃ ಅಲ್ ಬಕರದ 263ನೆಯ ವಚನದ ಆಶಯವನ್ನು ನಾನು ಬಾಲ್ಯದಿಂದ ಕೇಳಿದ್ದೇನೆ. ಕೊಟ್ಟು ಹಂಗಿಸುವವನ ಬಗ್ಗೆ ಅದು ಎಂದುಕೊಂಡಿದ್ದೆ. ಹಂಗಿಸದೆ, ಕಣ್ಣೀರಿನೊಂದಿಗೆ ಕೊಟ್ಟರೂ ನೋವಾಗಬಹುದೆಂದು ಅಂದು ಕಂಡೆ. ಆ ಬಾಲಕ ಅಲ್ಲಿಯವರೆಗೆ ಗಿರಾಕಿಯಾಗಿದ್ದ. ಒಂದು ನೋಟು ಅವನನ್ನು ಬೇರೆ ಸಾಲಿಗೆ ಸೇರಿಸಿತು.

ನನ್ನ ಸೊಸೆ ಆಮೇಲೆ ಮಾಡಿದ್ದು ನನ್ನಿಂದಾಗುತ್ತಿರಲಿಲ್ಲ. ಪೆಚ್ಚಾಗಿ ನಿಂತ ಆ ಮನುಷ್ಯನಿಗೆ ಅವಳು, "ಉಪಕಾರ ಮಾಡ್ಲೇಬೇಕು ಅಂತಿದ್ರೆ ಆ ಅಕ್ಕಿ ಚೀಲ ಒಂದು ಬಸ್‌ಸ್ಟ್ಯಾಂಡಿನವರೆಗೆ ಹಿಡಿಯುವಿರಾ? ಮಾಮನಿಗೆ ಸೊಂಟ ನೋವು" ಎಂದಳು. ನನ್ನ ಸೊಂಟನೋವು ಹೀಗೆ ಪರೋಪಕಾರಕ್ಕೆ ಬಂತು. ಅವರು ಸಂತೋಷದಿಂದ ಚೀಲ ಹೊತ್ತರು. ದಾರಿಯಲ್ಲಿ ಹುಡುಗನ ಹೆಸರು ಕೇಳಿದರು, ಯಾವ ಕ್ಲಾಸು ಎಂದು ಕೇಳಿದರು, ತಮ್ಮ ಮೊಮ್ಮಗನೂ ಎರಡನೆಯ ಕ್ಲಾಸೇ ಎಂದರು.

ಇತರರ ತಪ್ಪನ್ನೇ ಹೇಳಿ ನನ್ನದನ್ನು ಮುಚ್ಚಿಡುವುದು ನ್ಯಾಯವಲ್ಲ. ಸೊಸೈಟಿಯ ಮೂರು ಮೆಟ್ಟಿಲುಗಳ ಮುಂದೆ ಹುಡುಗ ಒಂದು ಕೈಯಲ್ಲಿ ಗೋಡೆ ಹಿಡಿದು ಮೊದಲ ಕಾಲು ಎತ್ತುತ್ತಿದ್ದ. ಹಿಂದೆ ಸಾಲು ಬೆಳೆಯುತ್ತಿತ್ತು. ನನಗೆ ಜನರ ಮುಂದೆ ಮುಜುಗರವಾಯಿತು. ಹಿಂದಿನಿಂದ ಅವನ ಕಂಕುಳಿಗೆ ಕೈ ಹಾಕಿ ಎತ್ತಿ ಮೇಲಿಟ್ಟುಬಿಟ್ಟೆ. ಅವನು ಅತ್ತ. ನೋವಿನಿಂದ ಎಂದು ನಾನು ತಿಳಿದೆ. "ಕಳೆದ ಸಲ ಎರಡು ಮೆಟ್ಟಿಲು ಹತ್ತಿದ್ದ, ಈ ಸಲ ಮೂರನ್ನೂ ಹತ್ತುತ್ತೇನೆಂದು ಮನೆಯಿಂದಲೇ ಹೇಳಿಕೊಂಡು ಬಂದಿದ್ದಾನೆ ಮಾಮ" ಎಂದಳು ತಾಯಿ. ನಾನು ಉಳಿಸಿದ್ದು ಎರಡು ನಿಮಿಷ. ಅದೂ ಅವನಿಗಾಗಿ ಅಲ್ಲ, ನನ್ನ ಮುಜುಗರಕ್ಕಾಗಿ. ನೀವೂ ಹೀಗೆ ಯಾರನ್ನಾದರೂ ಕೇಳದೆ ಎತ್ತಿದ್ದೀರಾ? ಅವರ ಪರವಾಗಿ ಉತ್ತರ ಹೇಳಿದ್ದೀರಾ? ಹೋಟೆಲಿನಲ್ಲಿ ಮಗು ಎದುರಿಗೇ ಇರುವಾಗ ಅದಕ್ಕೆ ಏನು ಬೇಕೆಂದು ತಾಯಿಯನ್ನು ಕೇಳುವವರನ್ನು ನಾನು ಅಂದೇ ಇಬ್ಬರನ್ನು ಕಂಡೆ.

ಲುಹರ್‌ಗೆ ಮಸೀದಿಗೆ ಹೋದೆವು. ಐದನೆಯ ಪ್ರಶ್ನೆ ಅಲ್ಲಿ ಬಂದದ್ದೇ ನನಗೆ ಹೆಚ್ಚು ನೋವು ಕೊಟ್ಟಿತು. ವಾಕರಿನ ಕಾಲುಗಳು ಬೀದಿಯಲ್ಲಿ ನಡೆದು ಬಂದಿವೆ, ಒಳಗೆ ತಂದರೆ ನಜಸಾಗುತ್ತದೆ ಎಂದು ಒಬ್ಬರು ಆಕ್ಷೇಪಿಸಿದರು. ಶುಚಿತ್ವದ ಕಾಳಜಿ ಸರಿಯೇ. ಹೌಳ್‌ನಿಂದ ಒಂದು ತಂಬಿಗೆ ನೀರು ತಂದು ರಬ್ಬರ್ ಕಾಲುಗಳನ್ನು ತೊಳೆದು ಒರೆಸಿದರೆ ಅದು ಮುಗಿಯುವ ವಿಷಯ. ಉಮ್ಮು ಸಲಮಾ(ರ) ಅಸ್ವಸ್ಥರಾಗಿದ್ದಾಗ, ಜನರ ಹಿಂದಿನಿಂದ ವಾಹನದ ಮೇಲೆ ಕುಳಿತೇ ತವಾಫ್ ಮಾಡುವಂತೆ ಪ್ರವಾದಿವರ್ಯರು(ಸ) ತಿಳಿಸಿದ್ದು ಬುಖಾರಿಯಲ್ಲಿ ವರದಿಯಾಗಿದೆ. ಪವಿತ್ರ ಕಅಬಾದ ಸುತ್ತ ಸವಾರಿಯ ಪ್ರಾಣಿಗೆ ಎಡೆಯಿತ್ತು. ನಮ್ಮ ಮಸೀದಿಯಲ್ಲಿ ಒಂದು ಮಗುವಿನ ವಾಕರಿಗಿಲ್ಲವೇ? ಮೊಮ್ಮಗಳು ಉಮಾಮಾಳನ್ನು ಹೆಗಲ ಮೇಲಿಟ್ಟುಕೊಂಡೇ ನಮಾಝಿಗೆ ನೇತೃತ್ವ ನೀಡಿ, ಸುಜೂದಿಗೆ ಹೋಗುವಾಗ ಇಳಿಸಿ, ಎದ್ದಾಗ ಮತ್ತೆ ಎತ್ತಿಕೊಳ್ಳುತ್ತಿದ್ದವರ ಸಮುದಾಯ ನಮ್ಮದು.

ಜಮಾಅತ್ ಕಮಿಟಿಗಳಲ್ಲಿರುವ ಸಹೋದರರಿಗೆ ಒಂದು ಲೆಕ್ಕ ಹೇಳುತ್ತೇನೆ. ಗಾಲಿಕುರ್ಚಿ ತಾನಾಗಿ ಹತ್ತುವಂಥ ಇಳಿಜಾರು ಬೇಕಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಅಂದರೆ ಎರಡು ಅಡಿಯ ಜಗಲಿಗೆ ಇಪ್ಪತ್ತನಾಲ್ಕು ಅಡಿ. ಬೈಕ್ ಹತ್ತಿಸಲು ಹಾಕುವ ಕಡಿದಾದ ಕಾಂಕ್ರೀಟ್ ತುಂಡು ಅದಲ್ಲ. ಪಕ್ಕದಲ್ಲಿ ಹಿಡಿಯಲು ಸರಳು ಬೇಕು. ನುಣುಪಾದ ಟೈಲ್ಸ್ ಬೇಡ, ಒದ್ದೆಯಾದರೆ ವಾಕರ್ ಜಾರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳ ಸಾಲಿನಲ್ಲಿ ಧಾರ್ಮಿಕ ಕಟ್ಟಡಗಳನ್ನೂ ಸೇರಿಸಿದೆ. ಈ ಸೌಕರ್ಯಗಳು ಬರೀ ಶಿಫಾರಸಾಗಿರದೆ ಕಡ್ಡಾಯ ನಿಯಮಗಳಾಗಬೇಕೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮಿನಾರದ ಎತ್ತರಕ್ಕೆ ಚಂದಾ ಎತ್ತುವ ನಾವು ಕಾನೂನಿಗೆ ಹೆದರಿ ಇಳಿಜಾರು ಕಟ್ಟುವ ದಿನ ಬರಬಾರದಿತ್ತು.

ಒಂದು ಭಯವೂ ನನಗಿದೆ. ಇದನ್ನೆಲ್ಲ ಓದಿದ ಯಾರಾದರೂ ನಾಳೆ ಇಂಥ ತಾಯಿಯ ಮನೆಗೆ ಹೋಗಿ, ಮಗುವನ್ನು ಯಾಕೆ ಹೊರಗೆ ಕರೆದೊಯ್ಯುತ್ತಿಲ್ಲ ಎಂದು ಹೊಸದೊಂದು ಪ್ರಶ್ನೆ ಹಾಕಬಹುದು. ದಯವಿಟ್ಟು ಬೇಡ. ಜಡಿಮಳೆಯ ದಿನ, ಜ್ವರದ ದಿನ, ಸುಮ್ಮನೆ ದಣಿವಾದ ದಿನ ಅವಳು ಮಗುವನ್ನು ಮನೆಯಲ್ಲಿ ಬಿಟ್ಟು ಹೋದರೆ ಅದು ಅವಳ ವಿವೇಕ. ವಿನಾಯಿತಿ ಅವಳಿಗೂ ಇದೆ. ಮೆಟ್ಟಿಲಿನ ಪಾಚಿ ಕೆರೆಯಲು ಯಾರಾದರೂ ಹೋದರೆ ಒಳ್ಳೆಯದಿತ್ತು. ನಾನು ಹೋಗಬೇಕೆಂದಿದ್ದೇನೆ, ಸೊಂಟ ಒಪ್ಪಿದರೆ.

ಮರಳಿ ಹೊರಡುವ ಮೊದಲು ಆಟಿಕೆಯ ಅಂಗಡಿಯ ಮುಂದೆ ಹುಡುಗ ನಿಂತ. ಕೆಂಪು ಬಣ್ಣದ ಒಂದು ಬಸ್ಸು. ಬೆಲೆ ಐವತ್ತು. ಪೆರ್ನಾಲಿಗೆ ಸಿಕ್ಕಿದ ಹಣದಲ್ಲಿ ಅವನ ಬಳಿ ಉಳಿದದ್ದು ನಲವತ್ತು. ಹಿಂತಿರುಗಿಸಿದ ಆ ಹತ್ತರ ನೋಟು ಮೂವರ ಮನಸ್ಸಿನಲ್ಲೂ ಒಮ್ಮೆ ಸುಳಿದಿರಬೇಕು. ಯಾರೂ ಮಾತನಾಡಲಿಲ್ಲ. ನಾನು ಜೇಬಿಗೆ ಕೈ ಹಾಕಿದೆ. ಸೊಸೆ ಕಣ್ಣಲ್ಲೇ ಬೇಡವೆಂದಳು.

"ನಲವತ್ತಕ್ಕೆ ಕೊಡ್ತೀರಾ?" ಎಂದು ಹುಡುಗ ಕೇಳಿದ.

ಅಂಗಡಿಯವರು ಅವನನ್ನು ನೋಡಿದರು, ವಾಕರನ್ನೂ ನೋಡಿದರು. ಪಾಪ ಎನ್ನುತ್ತಾರೆ, ಸುಮ್ಮನೆ ಕೊಟ್ಟುಬಿಡುತ್ತಾರೆ ಎಂದು ನಾನೆಣಿಸಿದೆ. "ನಲವತ್ತೈದು. ಅದಕ್ಕಿಂತ ಕಡಿಮೆ ಆಗುದಿಲ್ಲ ಮಾರಾಯ" ಎಂದರು ಅವರು.

ಹುಡುಗ ಬಸ್ಸನ್ನು ತಿರುಗಿಸಿ ಚಕ್ರ ನೋಡಿದ, ಬೆರಳಿನಿಂದ ಒಮ್ಮೆ ತಿರುಗಿಸಿದ, ಅಂಗಡಿಯವರ ಕೈಗೆ ಹಿಂದೆ ಕೊಟ್ಟ. "ಮುಂದಿನ ಶನಿವಾರ ಬರ್ತೇನೆ. ಬೇರೆಯವರಿಗೆ ಕೊಡ್ಬೇಡಿ" ಎಂದ. ಅವರು ಅದನ್ನು ಮೇಲಿನ ಹಲಗೆಯಲ್ಲಿ, ಎಲ್ಲಕ್ಕಿಂತ ಹಿಂದೆ ಇಟ್ಟರು. ಬಸ್‌ಸ್ಟ್ಯಾಂಡಿನವರೆಗೂ ಅವನು ನಮಗಿಂತ ಮುಂದೆ ನಡೆಯುತ್ತಿದ್ದ.